ಚೀಟಿ ಸರಿ, ಒಳಗಿನ ಯೀಸ್ಟ್?

ಯೀಸ್ಟ್‌ನ ಜೀನ್‌ಗಳನ್ನು ಒಂದೊಂದಾಗಿ ಅಳಿಸಿ ಕಟ್ಟಿದ ತಳಿಗಳ ಸಂಗ್ರಹವನ್ನು ಹೊಗಳದ ಜೀವವಿಜ್ಞಾನಿ ಸಿಗುವುದು ಕಷ್ಟ. ಜೀನೋಮ್ ಓದಿ ಮುಗಿದದ್ದು 1996ರಲ್ಲಿ. ಹಲವು ದೇಶಗಳ ಪ್ರಯೋಗಾಲಯಗಳು ಸೇರಿ 2002ರ ಹೊತ್ತಿಗೆ ಸುಮಾರು ಆರು ಸಾವಿರ ಜೀನ್‌ಗಳಲ್ಲಿ ಬಹುಪಾಲನ್ನು ಅಳಿಸಿ, ಆ ಜಾಗದಲ್ಲಿ ಜಿ418 ಔಷಧವನ್ನು ತಡೆಯುವ ಜೀನನ್ನೂ ಪ್ರತಿ ತಳಿಗೆ ಗುರುತಿನ ಚೀಟಿಯಂತಿರುವ 20 ಅಕ್ಷರಗಳ ಬಾರ್‌ಕೋಡ್‌ಗಳನ್ನೂ ಕೂರಿಸಿದವು. ಕೆಲಸ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ 'ಸಂಪೂರ್ಣ' ಎಂಬ ಕೀರ್ತಿ ಪಟ್ಟಿಯ ಮಟ್ಟಿಗೆ ಮಾತ್ರ ನಿಜ. ಜೀವಂತ ಸಂಗ್ರಹವಾಗಿ ಇದು ಆ ಕೀರ್ತಿಗೆ ತಕ್ಕುದಲ್ಲ.

ಈ ಸಂಗ್ರಹದ ಪ್ರತಿ ತೆಗೆಯುವ ಹಂತವನ್ನೇ ನೋಡಿ. ಗ್ಲಿಸರಾಲ್‌ನಲ್ಲಿ ಮೈನಸ್ 80 ಡಿಗ್ರಿಯಲ್ಲಿಟ್ಟ ಪ್ಲೇಟ್ ಕರಗುತ್ತದೆ, 96 ಮೊಳೆಗಳ ಚೌಕಟ್ಟು 96 ಕುಳಿಗಳಲ್ಲಿ ಒಮ್ಮೆಲೇ ಅದ್ದುತ್ತದೆ, ಹೊಸ ಪ್ಲೇಟ್ ತುಂಬುತ್ತದೆ. ಮೊಳೆ ಹೊತ್ತೊಯ್ಯುವುದು ಒಂದು ಕೋಶವನ್ನಲ್ಲ, ಒಂದು ಗುಂಪನ್ನು. ಜೀನ್ ಕಳೆದುಕೊಂಡು ನಿಧಾನವಾದ ತಳಿ ಮೂರು ಗಂಟೆಗೊಮ್ಮೆ ಇಮ್ಮಡಿಸುತ್ತದೆ ಎನ್ನಿ. ಸಾವಿರಕ್ಕೆ ಒಂದು ಕೋಶ ಬೇರೆಲ್ಲೋ ಆದ ಬದಲಾವಣೆಯಿಂದ ಆ ಕುಂದನ್ನು ಮೀರಿ ಒಂದೂವರೆ ಗಂಟೆಗೇ ಇಮ್ಮಡಿಸಲಿ. ಆಹಾರ ಮುಗಿಯದಿದ್ದರೆ 24 ಗಂಟೆಯಲ್ಲಿ ಅದು ಉಳಿದವುಗಳಿಗಿಂತ 256 ಪಟ್ಟು ಮುಂದೆ, ಅಂದರೆ ಕುಳಿಯ ಐದನೇ ಒಂದು ಭಾಗ ಅದರದೇ. ಇನ್ನೊಂದು ಪ್ರತಿಯಾಗುವಷ್ಟರಲ್ಲಿ ಮೂಲ ತಳಿ ಹೆಚ್ಚುಕಡಿಮೆ ಇಲ್ಲ. ಬಾರ್‌ಕೋಡ್ ಮಾತ್ರ ಅಕ್ಷರ ತಪ್ಪದೆ ಹಾಗೇ ಇರುತ್ತದೆ! ಇದು ಬರೀ ಲೆಕ್ಕದ ಆತಂಕವಲ್ಲ. 2000ದಲ್ಲೇ, ಪರೀಕ್ಷಿಸಿದ ಅಳಿಕೆ ತಳಿಗಳಲ್ಲಿ ಶೇ. 8ರಷ್ಟರಲ್ಲಿ ಕ್ರೋಮೋಸೋಮ್‌ಗಳೋ ಅವುಗಳ ತುಂಡುಗಳೋ ಹೆಚ್ಚುಕಮ್ಮಿಯಾಗಿದ್ದವೆಂದು ತಿಳಿದಿತ್ತು. ಹಲವು ಕಡೆ ಆ ಹೆಚ್ಚುವರಿ ಕ್ರೋಮೋಸೋಮ್ ಅಳಿಸಿದ ಜೀನಿನ ದಾಯಾದಿಯನ್ನೇ ಹೊತ್ತಿತ್ತು. ಆಧುನೀಕರಣವೆಂದು ನಾವು ಖರ್ಚು ಮಾಡಿದ್ದು ರೋಬಾಟ್‌ಗೆ ಮತ್ತು ಚೀಟಿಗೆ, ಕುಳಿಯೊಳಗಿನ ಜೀವಕ್ಕಲ್ಲ.

ಇಲ್ಲಿ ನನ್ನ ಜಗಳ ಹೊಗಳುವವರಿಗಿಂತ ತೆಗಳುವವರೊಂದಿಗೇ ಹೆಚ್ಚು. ಅವರ ಸಿಟ್ಟೆಲ್ಲ ಮೂಲತಳಿ ಎಸ್288ಸಿ ಮೇಲೆ. 1938ರಲ್ಲಿ ಕ್ಯಾಲಿಫೋರ್ನಿಯಾದ ಮರ್ಸೆಡ್‌ನಲ್ಲಿ ಎಮಿಲ್ ಮ್ರಾಕ್ ಕೊಳೆತ ಅಂಜೂರದಿಂದ ತೆಗೆದ ಯೀಸ್ಟ್ ಇದರ ಮುಖ್ಯ ಪೂರ್ವಜ. ಎಸ್288ಸಿ ಗಂಟುಕಟ್ಟದೆ ಸಲೀಸಾಗಿ ಬೆಳೆಯುವುದಕ್ಕೆ ಎಫ್‌ಎಲ್‌ಒ8 ಜೀನ್ ಕೆಟ್ಟಿರುವುದು ಒಂದು ಕಾರಣ. ಎಚ್‌ಎಪಿ1 ಜೀನಿನೊಳಗೆ ಜಿಗಿಯುವ ಜೀನೊಂದು ಬಂದು ಕೂತಿದೆ. ಇಂಥ ಪ್ರಯೋಗಾಲಯದ ಸಾಕುಪ್ರಾಣಿಯನ್ನು ನಂಬಬೇಡಿ, 2018ರಲ್ಲಿ 1,011 ಯೀಸ್ಟ್‌ಗಳ ಜೀನೋಮ್ ಬಂದಿದೆಯಲ್ಲ, ಅತ್ತ ನೋಡಿ ಎನ್ನುತ್ತಾರೆ. ಮಾತು ಸರಿ, ಗುರಿ ತಪ್ಪಿದೆ. ಎಸ್288ಸಿಯ ದೋಷಗಳು ಗೊತ್ತಿರುವಂಥವು, ಎಲ್ಲ ಕುಳಿಗಳಿಗೂ ಸಮಾನವಾದವು, ಹೋಲಿಕೆಯಲ್ಲಿ ಕಳೆದುಹೋಗುತ್ತವೆ. ಪ್ರತಿ ತೆಗೆಯುವಾಗ ನುಸುಳುವ ದೋಷ ಕುಳಿಯಿಂದ ಕುಳಿಗೆ, ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಬೇರೆ. ಕಾಡಿನ ಯೀಸ್ಟ್ ತಂದು ಅದೇ ಮೊಳೆಗಳಿಂದ ಅದ್ದಿದರೆ ಅದಕ್ಕೂ ಇದೇ ಗತಿ.

ಮದ್ದು ಅದೇ ಯೋಜನೆಯ ಒಳಗಿದೆ, ಕೇಳುವವರು ಕಡಿಮೆ. ಜೀನಿನ ಎರಡು ಪ್ರತಿಗಳಲ್ಲಿ ಒಂದನ್ನಷ್ಟೇ ಅಳಿಸಿದ ಡಿಪ್ಲಾಯ್ಡ್ ತಳಿಗಳನ್ನೂ ಆಗಲೇ ಮಾಡಿಟ್ಟಿದ್ದಾರೆ. ಉಳಿದ ಪ್ರತಿ ದುಡಿಯುವುದರಿಂದ ಬಹುಪಾಲು ತಳಿಗಳಿಗೆ ಕುಂದೇ ಇಲ್ಲ, ಅದನ್ನು ಮೀರುವ ಒತ್ತಡವೂ ಇಲ್ಲ. ಬೀಜಕ ಕಟ್ಟುವುದರಲ್ಲಿ ಎಸ್288ಸಿ ವಂಶ ನಿಧಾನ, ಒಪ್ಪುತ್ತೇನೆ. ಆದರೂ ಬೇಕಾದಾಗ ಬೀಜಕ ಕಟ್ಟಿಸಿ, ಒಂದು ಕೋಶದ ನಾಲ್ಕೂ ಬೀಜಕಗಳನ್ನು ಬಿಡಿಸಿ ಬೆಳೆಸಿದರೆ ಹೊಸ ಅಳಿಕೆ ತಳಿ ಕೈಗೆ ಬರುತ್ತದೆ. ಕಂಡ ಲಕ್ಷಣ ಜಿ418 ತಡೆಯುವ ಎರಡರಲ್ಲಷ್ಟೇ ಇದ್ದರೆ ಅದನ್ನು ಆ ಜೀನಿನ ಲೆಕ್ಕಕ್ಕೆ ಬರೆಯಬಹುದು. ಮಿಕ್ಕವುಗಳಲ್ಲೂ ಹಂಚಿಹೋಗಿದ್ದರೆ, ಆ ಲಕ್ಷಣವನ್ನು ಜೀನಿನ ಹೆಸರಲ್ಲಿ ಪ್ರಕಟಿಸುವ ಹಕ್ಕು ಯಾರಿಗೂ ಇಲ್ಲ.