ಅಕ್ಷರವೂ ವಾಕ್ಯವೂ: ಫ್ರಾನ್ಸಿಸ್ ಕಾಲಿನ್ಸರ ‘ದಿ ಲ್ಯಾಂಗ್ವೇಜ್ ಆಫ್ ಗಾಡ್’ ಕುರಿತು ಒಂದು ವಿಮರ್ಶೆ

2000ನೆಯ ಇಸವಿಯ ಜೂನ್ 26ರಂದು ಅಮೆರಿಕದ ಶ್ವೇತಭವನದಲ್ಲಿ ಮಾನವ ಜೀನೋಮಿನ ಮೊದಲ ಕರಡು ಸಿದ್ಧವಾಯಿತೆಂದು ಪ್ರಕಟಿಸಲಾಯಿತು. ಅಧ್ಯಕ್ಷ ಬಿಲ್ ಕ್ಲಿಂಟನ್ನರು ತಮ್ಮ ಭಾಷಣದಲ್ಲಿ ಅದನ್ನು ದೇವರು ಜೀವವನ್ನು ಸೃಷ್ಟಿಸಿದ ಭಾಷೆಯೆಂದು ಬಣ್ಣಿಸಿದರು. ಆ ದಿನ ಅವರ ಬಳಿ ನಿಂತಿದ್ದವರಲ್ಲಿ ಸಾರ್ವಜನಿಕ ಜೀನೋಮ್ ಯೋಜನೆಯ ಮುಖ್ಯಸ್ಥರೂ ವೈದ್ಯರೂ ತಳಿವಿಜ್ಞಾನಿಯೂ ಆದ ಫ್ರಾನ್ಸಿಸ್ ಕಾಲಿನ್ಸರು ಒಬ್ಬರು. 2006ರಲ್ಲಿ ಅವರು ಅದೇ ಮಾತನ್ನು ತಲೆಬರಹವಾಗಿಟ್ಟುಕೊಂಡು ‘ದಿ ಲ್ಯಾಂಗ್ವೇಜ್ ಆಫ್ ಗಾಡ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ವಿಜ್ಞಾನ ಮತ್ತು ವಿಶ್ವಾಸದ ಸಂಬಂಧವನ್ನು ಅಭ್ಯಾಸಮಾಡುವ ವಿದ್ಯಾರ್ಥಿಗಳ ಕೈಗೆ ಇಂದಿಗೂ ಮೊದಲು ಸಿಗುವ ಪುಸ್ತಕಗಳಲ್ಲಿ ಇದೂ ಒಂದು. ಆದುದರಿಂದ ಇದು ನಮಗೆ ಏನನ್ನು ಕೊಡುತ್ತದೆ, ಏನನ್ನು ಕೊಡದೆ ಬಿಡುತ್ತದೆ ಎಂದು ಸಭಾಪಾಲಕನ ದೃಷ್ಟಿಯಿಂದ ಪರಿಶೀಲಿಸುವುದು ಉಚಿತ.

ಮೊದಲು ಕೊಡುಗೆಯನ್ನು ಹೇಳೋಣ. ನಾಸ್ತಿಕನಾಗಿದ್ದ ಯುವ ವೈದ್ಯನೊಬ್ಬನು ರೋಗಿಗಳ ಹಾಸಿಗೆಯ ಪಕ್ಕದಲ್ಲಿ ಅವರ ವಿಶ್ವಾಸವನ್ನು ಕಂಡು, ಸಿ. ಎಸ್. ಲೂಯಿಸರ ಬರಹಗಳ ಮೂಲಕ ಕ್ರಿಸ್ತನ ಕಡೆಗೆ ತಿರುಗಿದ ವೃತ್ತಾಂತದಿಂದ ಗ್ರಂಥವು ಆರಂಭವಾಗುತ್ತದೆ. ಮಾನವನ ಅಂತರಂಗದಲ್ಲಿರುವ ನೈತಿಕ ನಿಯಮವು ದೇವರ ಅಸ್ತಿತ್ವದ ಕಡೆಗೆ ಬೆರಳುಮಾಡುತ್ತದೆಂಬುದು ಅವರ ಮುಖ್ಯ ವಾದಗಳಲ್ಲಿ ಒಂದು. ಬಳಿಕ ಅವರು ಡಿಎನ್‌ಎಯಲ್ಲಿರುವ ಸಾಕ್ಷ್ಯವನ್ನು ಮುಂದಿಡುತ್ತಾರೆ. ಮಹಾವಾನರಗಳಿಗೆ 48 ವರ್ಣತಂತುಗಳಿದ್ದು ಮನುಷ್ಯನಿಗೆ 46 ಮಾತ್ರ ಇರುವುದೇಕೆ? ಪುರಾತನ ಕಾಲದಲ್ಲಿ ಎರಡು ವರ್ಣತಂತುಗಳು ತುದಿಗೆ ತುದಿ ಸೇರಿ ಒಂದಾದವು. ಆ ಬೆಸುಗೆಯ ಗುರುತು ನಮ್ಮ ಎರಡನೆಯ ವರ್ಣತಂತುವಿನಲ್ಲಿ ಇಂದಿಗೂ ಉಳಿದಿದೆ. ಇಂಥ ಸಾಕ್ಷ್ಯವನ್ನು ಅಲ್ಲಗಳೆದು ದೇವರ ಮಹಿಮೆಯನ್ನು ಕಾಪಾಡಬೇಕಾಗಿಲ್ಲ ಎಂದು ವಿಶ್ವಾಸಿಯಾದ ವಿಜ್ಞಾನಿಯೇ ಹೇಳುವುದು ನಮ್ಮ ಸಭೆಗಳಿಗೆ ದೊಡ್ಡ ಉಪಕಾರ. ವಿಜ್ಞಾನಕ್ಕೆ ಇನ್ನೂ ತಿಳಿಯದ ಎಡೆಗಳಲ್ಲಿ ಮಾತ್ರ ದೇವರನ್ನು ಇರಿಸಿದರೆ, ಆ ಎಡೆ ಮುಚ್ಚಿದಂತೆಲ್ಲ ದೇವರೂ ಹಿಂದೆ ಸರಿಯಬೇಕಾಗುವುದೆಂಬ ಅವರ ಎಚ್ಚರಿಕೆಯೂ ಸರಿಯಾದದ್ದೇ.

ಸತ್ಯವೇದವನ್ನು ವಿಜ್ಞಾನದ ಪಠ್ಯವಾಗಿ ಓದಬಾರದೆಂಬ ಅವರ ಮಾತಿಗೆ ನಮ್ಮ ಪ್ರಸಂಗಪೀಠದಿಂದಲೇ ಒಂದು ಉದಾಹರಣೆ ಕೊಡಬಹುದು. ಆದಿಕಾಂಡ 30ನೆಯ ಅಧ್ಯಾಯದಲ್ಲಿ ಯಾಕೋಬನು ತೊಗಟೆ ಸುಲಿದ ಕೋಲುಗಳನ್ನು ನೀರಿನ ತೊಟ್ಟಿಗಳಲ್ಲಿ ಇಟ್ಟು ಮಚ್ಚೆಯುಳ್ಳ ಮರಿಗಳನ್ನು ಪಡೆದನೆಂದಿದೆ. ಮೆಂಡೆಲನಿಗೆ ಮುಂಚೆಯೇ ಸತ್ಯವೇದವು ತಳಿವಿಜ್ಞಾನವನ್ನು ಬೋಧಿಸಿತೆಂದು ಇದರಿಂದ ಸಾಧಿಸುವವರುಂಟು. ಆದರೆ ಗರ್ಭಧರಿಸುವ ತಾಯಿ ಕಂಡದ್ದು ಮರಿಯ ಬಣ್ಣವಾಗುವುದೆಂಬುದು ಪ್ರಾಚೀನ ಜನರ ಸಾಮಾನ್ಯ ನಂಬಿಕೆ. ತಳಿವಿಜ್ಞಾನವು ಅದನ್ನು ಒಪ್ಪುವುದಿಲ್ಲ. ಮುಂದಿನ ಅಧ್ಯಾಯವನ್ನು ಓದಿದರೆ ಯಾಕೋಬನೇ ತನ್ನ ಕೋಲುಗಳ ಮಾತನ್ನೆತ್ತುವುದಿಲ್ಲ. ಲಾಬಾನನು ಮಾಡಿದ ಅನ್ಯಾಯವನ್ನು ದೇವರು ನೋಡಿದನೆಂಬುದೇ ಅಲ್ಲಿ ಅವನ ಸಾಕ್ಷಿ. ಕುರುಬನ ಜಾಣ್ಮೆಯ ಕಥೆಯು ಕೂಲಿಯಾಳಿಗೆ ನ್ಯಾಯ ದೊರಕಿದ ಕಥೆಯಾಗಿ ಮುಗಿಯುತ್ತದೆ. ಅದನ್ನು ಬಿಟ್ಟು ವಿಜ್ಞಾನವನ್ನು ಹುಡುಕುವವರು ವಿಜ್ಞಾನವನ್ನೂ ಪಡೆಯರು, ಸುವಾರ್ತೆಯನ್ನೂ ಪಡೆಯರು. ಅನುವಂಶೀಯತೆಯ ನಿಯಮಗಳನ್ನು ಕಂಡುಕೊಂಡ ಗ್ರೆಗರ್ ಮೆಂಡೆಲನು ಬ್ರನೋ ಪಟ್ಟಣದ ಅಗಸ್ಟೀನಿಯನ್ ಮಠದ ಸನ್ಯಾಸಿ. ಅವನು ಅವುಗಳನ್ನು ಆದಿಕಾಂಡದಲ್ಲಿ ಹುಡುಕದೆ, ಮಠದ ತೋಟದಲ್ಲಿ ವರ್ಷಗಟ್ಟಲೆ ಬಟಾಣಿ ಗಿಡಗಳನ್ನು ಬೆಳೆಸಿ, ಎಣಿಸಿ, 1866ರಲ್ಲಿ ಪ್ರಕಟಿಸಿದನು.

ಇಷ್ಟು ಒಪ್ಪಿಕೊಂಡ ಮೇಲೆ ಗ್ರಂಥದ ತಲೆಬರಹವನ್ನೇ ಪ್ರಶ್ನಿಸಬೇಕಾಗುತ್ತದೆ. ಜೀನೋಮನ್ನು ದೇವರ ಭಾಷೆ ಎನ್ನುವುದು ಸರಿಯೇ? ನಾಲ್ಕು ಅಕ್ಷರಗಳಲ್ಲಿ ಬರೆದ ಸುಮಾರು 300 ಕೋಟಿ ಅಕ್ಷರಗಳ ಗ್ರಂಥವೆಂಬ ಉಪಮೆ ಪಾಠ ಹೇಳುವುದಕ್ಕೆ ಅನುಕೂಲವಾದದ್ದು. ಆದರೆ ಉಪಮೆಯು ದೈವಶಾಸ್ತ್ರದ ಭಾರವನ್ನು ಹೊರಬೇಕಾದಾಗ ಕುಸಿಯುತ್ತದೆ. ಕಾಲಿನ್ಸರ ಜೀವನವೇ ಇದಕ್ಕೆ ನಿದರ್ಶನ. 1989ರಲ್ಲಿ ಅವರೂ ಲಾಪ್-ಚೀ ತ್ಸುಯಿ ಮತ್ತು ಜಾನ್ ರಿಯೊರ್ಡನ್ ಅವರೂ ಸಿಸ್ಟಿಕ್ ಫೈಬ್ರೋಸಿಸ್ ಎಂಬ ರೋಗದ ವಂಶವಾಹಿಯನ್ನು ಪತ್ತೆಹಚ್ಚಿದರು. ಶ್ವಾಸಕೋಶದಲ್ಲಿ ಅಂಟಾದ ಲೋಳೆ ಕಟ್ಟಿಕೊಂಡು ಮಕ್ಕಳನ್ನು ಬಾಧಿಸುವ ಈ ರೋಗಕ್ಕೆ ಬಹುತೇಕ ರೋಗಿಗಳಲ್ಲಿ ಕಾರಣವಾಗಿರುವುದು ಕೇವಲ ಮೂರು ಅಕ್ಷರಗಳ ಲೋಪ. ಗ್ರಂಥವು ದೇವರದ್ದಾದರೆ ಈ ಲೋಪ ಯಾರದು? ಮಗುವಿನ ತಾಯಿ ಕೇಳುವುದು ಇದನ್ನೇ.

ಕಾಲಿನ್ಸರು ಸಂಕಟದ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವುದಿಲ್ಲ. ಸೃಷ್ಟಿಯ ನಿಯಮಗಳು ಸ್ಥಿರವಾಗಿರಬೇಕು, ದೇವರು ಹೆಜ್ಜೆಹೆಜ್ಜೆಗೂ ಕೈಹಾಕಿದರೆ ಲೋಕವು ಗೊಂದಲವಾಗುವುದು, ಸಂಕಟದಲ್ಲಿ ಆತ್ಮಿಕ ಬೆಳವಣಿಗೆಯೂ ಉಂಟಾಗಬಹುದು ಎಂದು ಉತ್ತರಿಸುತ್ತಾರೆ. ತರ್ಕವಾಗಿ ಇದು ನಿಲ್ಲಬಹುದು. ಆದರೆ ಭಾಷೆಯ ಉಪಮೆಯೊಂದಿಗೆ ಇದು ಹೊಂದುವುದಿಲ್ಲ. ಭಾಷೆಯೆಂದರೆ ಒಬ್ಬನು ಇನ್ನೊಬ್ಬನನ್ನು ಉದ್ದೇಶಿಸಿ ಆಡುವುದು; ಡಿಎನ್‌ಎ ಯಾರನ್ನೂ ಉದ್ದೇಶಿಸುವುದಿಲ್ಲ, ಅದು ನಕಲಾಗುತ್ತದೆ ಅಷ್ಟೆ. ನಕಲಿನಲ್ಲಿ ಆಗುವ ವ್ಯತ್ಯಾಸವೇ ರೋಗಕ್ಕೂ ಕಾರಣ, ವಿಕಾಸಕ್ಕೂ ಕಾರಣ. ಕುಡುಗೋಲು ಕಣ ರಕ್ತಹೀನತೆಯನ್ನು ನೋಡಿರಿ. ಹಿಮೋಗ್ಲೋಬಿನ್ನಿನ ವಂಶವಾಹಿಯಲ್ಲಿ ಒಂದೇ ಅಕ್ಷರ ಬದಲಾಗಿದೆ. ತಂದೆತಾಯಿ ಇಬ್ಬರಿಂದಲೂ ಆ ಬದಲಾವಣೆ ಬಂದವನಿಗೆ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ಅಸಹನೀಯ ನೋವು ಬರುತ್ತದೆ. ಒಬ್ಬರಿಂದ ಮಾತ್ರ ಬಂದವನಿಗೆ ಮಲೇರಿಯಾದಿಂದ ರಕ್ಷಣೆ ದೊರೆಯುತ್ತದೆ. 1954ರಲ್ಲಿ ಆಂಟನಿ ಆಲಿಸನ್ನರು ಇದನ್ನು ತೋರಿಸಿಕೊಟ್ಟರು. ಅಣ್ಣನನ್ನು ಕಾಯುವ ಅಕ್ಷರವೇ ತಮ್ಮನನ್ನು ಕಾಡುತ್ತದೆ. ಇದನ್ನು ದೇವರ ಮಾತೆಂದು ಓದಹೊರಟರೆ ಒಂದೇ ಮನೆಯಲ್ಲಿ ಒಬ್ಬನಿಗೆ ಆಶೀರ್ವಾದ, ಇನ್ನೊಬ್ಬನಿಗೆ ಶಾಪವೆಂದು ಓದಬೇಕಾಗುತ್ತದೆ.

ಹಾಗೆ ಓದುವವರು ನಮ್ಮಲ್ಲಿ ಈಗಾಗಲೇ ಇದ್ದಾರೆ ಎಂಬುದೇ ಚಿಂತೆಯ ವಿಷಯ. ಮಗುವಿಗೆ ವಂಶವಾಗಿ ಬಂದ ರೋಗವಿದೆಯೆಂದು ತಿಳಿದೊಡನೆ ಪೂರ್ವಜರ ಪಾಪವನ್ನು ಹುಡುಕಿ, ವಂಶದ ಶಾಪವನ್ನು ಮುರಿಯುವುದಕ್ಕೆ ಪ್ರಾರ್ಥನೆ ನಡೆಸುವ ರೂಢಿಯುಂಟು. ವಿಮೋಚನಕಾಂಡ 20ರಲ್ಲಿ ತಂದೆಗಳ ಅಪರಾಧವು ಮೂರು ನಾಲ್ಕು ತಲೆಗಳವರೆಗೆ ಮುಟ್ಟುವುದೆಂದಿರುವುದೇ ಇದಕ್ಕೆ ಆಧಾರ. ಆ ಮಾತು ವಿಗ್ರಹಾರಾಧನೆಯ ಕುರಿತದ್ದು, ದೇಹದ ರೋಗದ ಕುರಿತದ್ದಲ್ಲ. ಮತ್ತು ಅದರ ಬೆನ್ನಿಗೇ ಬರುವ ಕೃಪೆಯ ಮಾತು ಸಾವಿರ ತಲೆಗಳವರೆಗೆ ಚಾಚುತ್ತದೆ. ಸೆರೆವಾಸದ ಜನರು ತಂದೆಗಳು ತಿಂದ ಹುಳಿ ದ್ರಾಕ್ಷೆಯಿಂದ ತಮ್ಮ ಹಲ್ಲು ಚಳಿತವೆಂಬ ಗಾದೆಯನ್ನು ಆಡಿಕೊಳ್ಳುತ್ತಿದ್ದಾಗ, ಯೆಹೆಜ್ಕೇಲನು 18ನೆಯ ಅಧ್ಯಾಯದಲ್ಲಿ ಅದನ್ನು ಇನ್ನು ಆಡಕೂಡದೆಂದು ದೇವರ ಹೆಸರಿನಲ್ಲಿ ನಿಷೇಧಿಸಿದನು. ಹುಟ್ಟುಕುರುಡನನ್ನು ಕಂಡು ಪಾಪ ಇವನದೋ ತಂದೆತಾಯಿಗಳದೋ ಎಂದು ಶಿಷ್ಯರು ಕೇಳಿದಾಗ ಯೇಸು ಸ್ವಾಮಿ ಎರಡನ್ನೂ ತಳ್ಳಿಬಿಟ್ಟನು.

ಇಲ್ಲಿ ತಳಿವಿಜ್ಞಾನವು ಪ್ರವಾದಿಗೆ ಸಹಾಯಕವಾಗಿ ನಿಲ್ಲುತ್ತದೆ. ತಂದೆತಾಯಿ ಇಬ್ಬರೂ ಆರೋಗ್ಯವಂತ ವಾಹಕರಾಗಿದ್ದರೆ ಪ್ರತಿಯೊಂದು ಗರ್ಭದಲ್ಲಿಯೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ರೋಗವಿದ್ದರೂ ಇಲ್ಲದಿದ್ದರೂ ಎರಡನೆಯದಕ್ಕೆ ಲೆಕ್ಕ ಬದಲಾಗುವುದಿಲ್ಲ. ಯಾವ ಪಾಪವೂ ಯಾವ ಪುಣ್ಯವೂ ಈ ಲೆಕ್ಕದಲ್ಲಿ ಸೇರಿಲ್ಲ. ಮತ್ತು ರೋಗವು ಇಬ್ಬರಿಂದಲೂ ಬಂದರೆ ಮಾತ್ರ ಪ್ರಕಟವಾಗುವುದಾದ್ದರಿಂದ, ‘ಸೊಸೆ ತಂದ ದೋಷ’ ಎಂಬ ಕ್ರೂರ ಮಾತಿಗೆ ಎಳ್ಳಷ್ಟೂ ಆಧಾರವಿಲ್ಲ. ಈ ಸರಳ ಸತ್ಯವನ್ನು ಹೇಳಬಲ್ಲ ಸಭಾಪಾಲಕನು ಒಬ್ಬ ಹೆಣ್ಣುಮಗಳ ಮೇಲಿನ ದೊಡ್ಡ ಹೊರೆಯನ್ನು ಇಳಿಸಬಲ್ಲನು. ಕಾಲಿನ್ಸರ ಗ್ರಂಥದಲ್ಲಿ ವಂಶವಾಗಿ ಹರಿಯುವ ರೋಗ ಮತ್ತು ವೈದ್ಯಕೀಯ ನೀತಿಯ ಚರ್ಚೆಗೆ ಪ್ರತ್ಯೇಕ ಸ್ಥಳ ದೊರೆತಿರುವುದು ಕೊನೆಯ ಅನುಬಂಧದಲ್ಲಿ. ನಮ್ಮ ಪಾಲಿಗೆ ಮುಖ್ಯ ಅಧ್ಯಾಯವಾಗಬೇಕಾದದ್ದು ಅಲ್ಲಿ ಅನುಬಂಧವಾಗಿದೆ.

ಇನ್ನೊಂದು ಕೊರತೆ ಇತಿಹಾಸದ್ದು. ವಿಶ್ವಾಸಿಗಳು ವಿಜ್ಞಾನವನ್ನು ವಿರೋಧಿಸುವುದೇ ಅಪಾಯವೆಂಬಂತೆ ಗ್ರಂಥದ ಒತ್ತು ಇದೆ. ಅನುವಂಶೀಯತೆಯ ವಿಷಯದಲ್ಲಾದರೋ ಸಭೆಯು ವಿಜ್ಞಾನದ ಹೆಸರಿನಲ್ಲಿ ಬಂದದ್ದನ್ನು ಪರೀಕ್ಷಿಸದೆ ಅಪ್ಪಿಕೊಂಡ ಪಾಪವೂ ಉಂಟು. 1926ರಲ್ಲಿ ಅಮೆರಿಕದ ಸುಸಂತಾನ ಸಂಘವು ಆ ವಿಷಯದ ಮೇಲೆ ಪ್ರಸಂಗಗಳ ಸ್ಪರ್ಧೆಯನ್ನೇ ಏರ್ಪಡಿಸಿತು. ಬೋಧಕರು ಪೀಠದಿಂದ ಅದನ್ನು ಸಾರಿದರು. ಮರುವರ್ಷ ಆ ದೇಶದ ಸರ್ವೋಚ್ಚ ನ್ಯಾಯಾಲಯವು ‘ಅಯೋಗ್ಯ’ರೆನಿಸಿದವರಿಗೆ ಬಲವಂತದ ಸಂತಾನಹರಣವನ್ನು ಎತ್ತಿಹಿಡಿಯಿತು. ಜರ್ಮನಿಯಲ್ಲಿ 1933ರ ಕಾನೂನು ಅದೇ ದಾರಿಯಲ್ಲಿ ನಡೆದು, ಕೊನೆಗೆ ಅಂಗವಿಕಲರ ಕೊಲೆಯವರೆಗೆ ಹೋಯಿತು. 1941ರ ಆಗಸ್ಟಿನಲ್ಲಿ ಮ್ಯೂನ್‌ಸ್ಟರಿನ ಬಿಷಪ್ ಫಾನ್ ಗಾಲೆನ್ ಪ್ರಸಂಗಪೀಠದಿಂದಲೇ ಅದನ್ನು ಬಹಿರಂಗವಾಗಿ ಖಂಡಿಸಿದರು. ಒಂದೇ ಪೀಠದಿಂದ ಎರಡು ಬಗೆಯ ಮಾತು ಹೊರಟ ಈ ಇತಿಹಾಸವನ್ನು ನಮ್ಮ ವಿದ್ಯಾರ್ಥಿಗಳು ತಿಳಿಯದೆ ಅಭಿಷೇಕ ಹೊಂದಬಾರದು.

ಇದು ಪರದೇಶದ ಹಳೆಯ ಕಥೆಯಲ್ಲ. ಭಾರತದಲ್ಲಿ ಕುಡುಗೋಲು ಕಣದ ಲಕ್ಷಣವು 1952ರಲ್ಲಿ ನೀಲಗಿರಿಯ ಆದಿವಾಸಿಗಳಲ್ಲಿ ಮೊದಲು ವರದಿಯಾಯಿತು. ನಮ್ಮ ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಆದಿವಾಸಿ ಕುಟುಂಬಗಳಲ್ಲಿಯೂ ಅದು ಇದೆ. ಕೇಂದ್ರ ಸರಕಾರವು 2023ರ ಜುಲೈ 1ರಂದು ಆರಂಭಿಸಿದ ರಾಷ್ಟ್ರೀಯ ಅಭಿಯಾನವು 7 ಕೋಟಿ ಜನರನ್ನು ಪರೀಕ್ಷಿಸಿ, 2047ರೊಳಗೆ ರೋಗವನ್ನು ನಿರ್ಮೂಲಮಾಡುವ ಗುರಿಯಿಟ್ಟಿದೆ. ಪರೀಕ್ಷೆಯಾದವರಿಗೆ ಅವರ ಸ್ಥಿತಿಯನ್ನು ತಿಳಿಸುವ ಚೀಟಿಯನ್ನೂ ಕೊಡಲಾಗುತ್ತದೆ. ಕಾಡಂಚಿನ ಹಾಡಿಗಳಿಗೆ ಔಷಧ ತಲುಪುವುದು ಒಳ್ಳೆಯದೇ. ಸಭೆಯು ಅದಕ್ಕೆ ಕೈಜೋಡಿಸಬೇಕು. ಆದರೆ ನಿರ್ಮೂಲವಾಗಬೇಕಾದದ್ದು ರೋಗಿಯ ನೋವೇ ಹೊರತು ರೋಗಿಯಲ್ಲ ಎಂಬುದನ್ನು ಯಾರಾದರೂ ಎಚ್ಚರದಿಂದ ನೆನಪಿಸುತ್ತಿರಬೇಕು. ಚೀಟಿಯು ಮದುವೆಯ ಮಾತುಕತೆಯಲ್ಲಿ ಹುಡುಗಿಯನ್ನು ತಿರಸ್ಕರಿಸುವುದಕ್ಕೆ ಸಾಧನವಾದರೆ ಹಳೆಯ ಜಾತಕಕ್ಕೆ ಹೊಸ ಹೆಸರು ಬಂದಂತಾಯಿತು. ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮ ನಾಡಿನ ರೂಢಿಯ ವಿಷಯದಲ್ಲಿಯೂ ಹೀಗೆಯೇ. ರಕ್ತಸಂಬಂಧಿಗಳಲ್ಲಿ ಇಬ್ಬರೂ ಒಂದೇ ವಂಶವಾಹಿಯ ವಾಹಕರಾಗಿರುವ ಸಂಭವ ಹೆಚ್ಚೆಂದು ಮದುವೆಗೆ ಮುಂಚೆ ತಿಳಿಹೇಳುವುದು ಸಭಾಪಾಲಕನ ಕರ್ತವ್ಯ. ಮದುವೆಯಾದ ಮೇಲೆ, ಮಗು ಹುಟ್ಟಿದ ಮೇಲೆ ಅದನ್ನೇ ಹೇಳಿ ಚುಚ್ಚುವುದು ಕರ್ತವ್ಯವಲ್ಲ.

ಹಾಗಾದರೆ ದೇವರ ಮಾತು ಎಲ್ಲಿದೆ? ಉತ್ತರವು ಕಾಲಿನ್ಸರ ಗ್ರಂಥದಲ್ಲಿಯೇ ಇದೆ, ಆದರೆ ಅವರು ತಲೆಬರಹವಾಗಿಟ್ಟ ಜಾಗದಲ್ಲಿ ಅಲ್ಲ. ಕೊನೆಯ ಭಾಗದಲ್ಲಿ ಅವರು ನೈಜೀರಿಯಾದ ಒಂದು ಸಣ್ಣ ಆಸ್ಪತ್ರೆಯಲ್ಲಿ ಸೇವೆಮಾಡಿದ ದಿನಗಳನ್ನು ನೆನೆಯುತ್ತಾರೆ. ಸಲಕರಣೆಗಳಿಲ್ಲದ ಆ ಸ್ಥಳದಲ್ಲಿ ಸಾವಿನ ದಡದಲ್ಲಿದ್ದ ಯುವ ರೈತನೊಬ್ಬನ ಹೃದಯದ ಸುತ್ತ ತುಂಬಿದ್ದ ದ್ರವವನ್ನು ಸೂಜಿಯಿಂದ ತೆಗೆದು ಅವನನ್ನು ಬದುಕಿಸಿದರು. ತಾನು ಇಷ್ಟು ದೂರ ಬಂದದ್ದರಿಂದ ಏನು ಪ್ರಯೋಜನವೆಂದು ವೈದ್ಯನು ಕುಗ್ಗಿದ್ದಾಗ, ನೀವು ನನ್ನೊಬ್ಬನಿಗಾಗಿಯೇ ಇಲ್ಲಿಗೆ ಬಂದಿರಿ ಎಂಬ ಅರ್ಥದಲ್ಲಿ ಆ ರೈತನು ನುಡಿದನು. ಇಡೀ ಗ್ರಂಥದಲ್ಲಿ ದೇವರು ಮಾತಾಡಿದನೆಂದು ಓದುಗನಿಗೆ ತಟ್ಟುವುದು ಇಲ್ಲಿ. ಒಬ್ಬನ ಬಳಿಗೆ ಇನ್ನೊಬ್ಬನು ಬಂದಲ್ಲಿ ಅದು ಕೇಳಿಬಂತು. ಯೋಹಾನನ ಸುವಾರ್ತೆಯಲ್ಲಿ ವಾಕ್ಯವು ಅಕ್ಷರವಾಗಿ ಬರೆಯಲ್ಪಡಲಿಲ್ಲ; ಶರೀರಧಾರಿಯಾಗಿ ನಮ್ಮ ಮಧ್ಯದಲ್ಲಿ ವಾಸಮಾಡಿತು. ಆ ಶರೀರದಲ್ಲಿಯೂ ನಮ್ಮಂತೆಯೇ ನಕಲಾಗುವ ಡಿಎನ್‌ಎ ಇತ್ತು ಎಂಬುದೇ ನಮ್ಮ ಸಮಾಧಾನ.

ಮತ್ತಾಯನು ಬರೆದ ವಂಶಾವಳಿಯು ಅಬ್ರಹಾಮನಿಂದ ಪೀಳಿಗೆ ಪೀಳಿಗೆಯಾಗಿ ಹರಿದು ಯೋಸೇಫನ ಬಳಿಯಲ್ಲಿ ಬಂದು ನಿಲ್ಲುತ್ತದೆ. ಯೋಸೇಫನು ಯೇಸುವನ್ನು ಪಡೆಯಲಿಲ್ಲ, ಮಗುವಿಗೆ ಹೆಸರಿಟ್ಟನು. ಆ ಹೆಸರಿಡುವಿಕೆಯಿಂದಲೇ ಯೇಸು ದಾವೀದನ ಕುಮಾರನೆನಿಸಿದನು. ದೇವರ ಜನರಲ್ಲಿ ಬಾಧ್ಯತೆಯು ರಕ್ತದಿಂದಲ್ಲ, ಅಂಗೀಕಾರದಿಂದ ಎಂದು ಹೊಸ ಒಡಂಬಡಿಕೆಯ ಮೊದಲ ಪುಟವೇ ಹೇಳುತ್ತದೆ. ದೀಕ್ಷಾಸ್ನಾನದ ನೀರಿನ ಬಳಿಯಲ್ಲಿ ನಾವು ಮಗುವನ್ನು ಹೆಸರಿಡಿದು ಕರೆಯುವಾಗ ಅದರ ರಕ್ತಪರೀಕ್ಷೆಯ ಚೀಟಿಯನ್ನು ಕೇಳುವುದಿಲ್ಲ. ಕಾಲಿನ್ಸರ ಗ್ರಂಥವನ್ನು ನಮ್ಮ ವಿದ್ಯಾರ್ಥಿಗಳು ಖಂಡಿತವಾಗಿಯೂ ಓದಲಿ. ಪ್ರಕೃತಿಯ ಸತ್ಯಕ್ಕೆ ಅಂಜಬಾರದೆಂಬುದನ್ನು ಅದರಿಂದ ಕಲಿಯಲಿ. ಆದರೆ ರೋಗಿ ಮಗುವಿನ ಮನೆಗೆ ಹೋಗುವಾಗ ದೇವರ ಭಾಷೆಯನ್ನು ಆ ಮಗುವಿನ ರಕ್ತಕಣದಲ್ಲಿ ಓದಲೆತ್ನಿಸದೆ, ಅದರ ತಾಯಿಯ ಪಕ್ಕದಲ್ಲಿ ಕುಳಿತುಕೊಳ್ಳಲಿ.