ಗಡುವಿಲ್ಲದ 28ನೇ ಕಲಂ

1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ ಪೂರ್ತಿ ಹೆಸರು ಕೋಲಾರ ಜಿಲ್ಲೆಯ ವೇಮಗಲ್, ನರಸಾಪುರ, ಮಾಲೂರಿನ ಕಡೆ ಯಾರಿಗೂ ಬೇಕಿಲ್ಲ. ‘ಕೆಐಎಡಿಬಿ ನೋಟಿಸ್ ಬಂತು’ ಎಂದು ಆ ಕಾಯ್ದೆಯ ಮಂಡಳಿಯ ಹೆಸರೆತ್ತಿದರೆ ಸಾಕು, ಎಲ್ಲ ಅರ್ಥವಾಗುತ್ತದೆ. ನೋಟಿಸಿನ ಬೇರಿರುವುದು 28ನೇ ಕಲಮಿನಲ್ಲಿ. ಮೊದಲು ಜಮೀನು ಬೇಕೆಂಬ ಪ್ರಾಥಮಿಕ ಅಧಿಸೂಚನೆ, ಆಮೇಲೆ ಮಾಲೀಕರ ತಕರಾರಿನ ವಿಚಾರಣೆ, ಕೊನೆಗೆ ಅಂತಿಮ ಘೋಷಣೆ. ಅದು ರಾಜ್ಯಪತ್ರದಲ್ಲಿ ಅಚ್ಚಾದ ಕೂಡಲೇ ಜಮೀನು ಸರ್ಕಾರದ್ದು. ಓದಲು ಅಚ್ಚುಕಟ್ಟಾಗಿಯೇ ಇದೆ. ಆದರೆ ಮೊದಲ ಅಧಿಸೂಚನೆಗೂ ಕೊನೆಯದಕ್ಕೂ ನಡುವೆ ಎಷ್ಟು ಕಾಲ ಹೋಗಬಹುದೆಂದು ಕಾಯ್ದೆ ಎಲ್ಲೂ ಹೇಳುವುದಿಲ್ಲ.

ಮಾಲೂರು ತಾಲ್ಲೂಕಿನಲ್ಲಿಯೇ ಚೆನ್ನೈ ಎಕ್ಸ್‌ಪ್ರೆಸ್‌ವೇಗೆ ಜಮೀನು ಹೋದದ್ದು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ. ಅಲ್ಲಿ ವರ್ಷದೊಳಗೆ ಅಂತಿಮ ಘೋಷಣೆ ಬರದಿದ್ದರೆ, ಕೋರ್ಟಿನ ತಡೆಯಾಜ್ಞೆಯ ಅವಧಿ ಬಿಟ್ಟು, ಅಧಿಸೂಚನೆ ತಾನಾಗಿ ಬಿದ್ದುಹೋಗುತ್ತದೆ. ರಸ್ತೆಗೆ ಗುರುತಾದ ಹೊಲಕ್ಕೆ ಇರುವ ಈ ರಕ್ಷಣೆ ಕಾರ್ಖಾನೆಗೆ ಗುರುತಾದ ಪಕ್ಕದ ಹೊಲಕ್ಕೆ ಯಾಕಿಲ್ಲ? ಪರಿಹಾರದ ಐತೀರ್ಪಿಗೆ 1894ರ ಭೂಸ್ವಾಧೀನ ಕಾಯ್ದೆ ಹಾಕಿದ್ದ ಎರಡು ವರ್ಷದ ಮಿತಿಯಾದರೂ ಕೆಐಎಡಿಬಿಗೆ ತಗಲುತ್ತದೆಯೇ ಎಂಬ ಪ್ರಶ್ನೆ ನೈಸ್ ರಸ್ತೆಯ ಪ್ರಕರಣವೊಂದರಲ್ಲಿ ಎದ್ದಿತ್ತು. ಇಲ್ಲ ಎಂದಿತು ಸುಪ್ರೀಂ ಕೋರ್ಟ್, 2011ರಲ್ಲಿ.

ಪಹಣಿಯ 11ನೇ ಕಾಲಮಿನಲ್ಲಿ ಒಮ್ಮೆ ಮಂಡಳಿಯ ಹೆಸರು ಕೂತರೆ ಬ್ಯಾಂಕಿನವರು ಸಾಲಕ್ಕೆ ಹಿಂದೆ ಸರಿಯುತ್ತಾರೆ, ಕೊಳ್ಳಲು ಬಂದವರು ಚೌಕಾಸಿಯನ್ನೂ ಮಾಡದೆ ಹೊರಡುತ್ತಾರೆ. ಟೊಮೆಟೊ ಹಾಕುವವರು ಹೇಗೋ ಒಂದು ಬೆಳೆ ತೆಗೆದುಕೊಂಡಾರು. ಶ್ರೀನಿವಾಸಪುರದ ಕಡೆಯ ಹಾಗೆ ಮಾವು ಕಟ್ಟಬೇಕೆನ್ನುವವರು, ಸಾವಿರ ಅಡಿಗೂ ನೀರು ಖಾತ್ರಿಯಿಲ್ಲದ ಈ ಜಿಲ್ಲೆಯಲ್ಲಿ ಕೊಳವೆಬಾವಿ ಕೊರೆಸಬೇಕೆನ್ನುವವರು ಏನು ಮಾಡಬೇಕು? ಜಮೀನು ಅವರ ಹೆಸರಿನಲ್ಲೇ ಇದೆ, ಪರಿಹಾರವಂತೂ ಬಂದಿಲ್ಲ.

ಬಿಡಿಬಿಡಿಯಾಗಿ ಕೊಂಡು ದೊಡ್ಡ ಕಾರ್ಖಾನೆಗೆ ಬೇಕಾದಷ್ಟು ಜಮೀನು ಒಟ್ಟು ಮಾಡುವುದು ಕಷ್ಟವೆಂಬುದು ನಿಜ. ನರಸಾಪುರದ ಹೋಂಡಾ, ಟಾಟಾ ಘಟಕಗಳನ್ನು ತೋರಿಸಿ ಈ ಕಾಯ್ದೆಯನ್ನು ಸಮರ್ಥಿಸುವವರ ಮಾತನ್ನು ತಳ್ಳಿಹಾಕಲಾಗದು. ಆದರೆ ಅವರ ವಾದ ಸ್ವಾಧೀನದ ಅಧಿಕಾರಕ್ಕೆ ಹೊಂದುತ್ತದೆ, ಅದನ್ನು ವರ್ಷಗಟ್ಟಲೆ ತೂಗುಹಾಕುವುದಕ್ಕಲ್ಲ. ಉದ್ಯಮಿಗೂ ಬೇಗ ಸಿಗುವ ಜಮೀನೇ ಬೇಕು ತಾನೆ.

ಬೆಂಗಳೂರು–ಮೈಸೂರು ಕಾರಿಡಾರಿಗೆ ಮಂಡಳಿ 2003ರಲ್ಲಿ ಗುರುತಿಸಿದ ಜಮೀನಿನ ಪರಿಹಾರ ಮಾಲೀಕರಿಗೆ 22 ವರ್ಷವಾದರೂ ಸಿಕ್ಕಿರಲಿಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಂವಿಧಾನದ 142ನೇ ವಿಧಿಯ ವಿಶೇಷಾಧಿಕಾರ ಬಳಸಿ, 2019ರ ಏಪ್ರಿಲ್‌ನ ಮಾರುಕಟ್ಟೆ ದರದಲ್ಲಿ ಲೆಕ್ಕ ಹಾಕಿ ಎಂದಿತು. ದೆಹಲಿಯವರೆಗೆ ವಕೀಲರನ್ನಿಟ್ಟು ಹೋಗಬಲ್ಲ ಎರಡೆಕರೆ ರೈತರು ಎಷ್ಟು ಮಂದಿ? 28ನೇ ಕಲಮಿಗೆ ಹೆದ್ದಾರಿ ಕಾಯ್ದೆಯಂತೆಯೇ ಒಂದು ವರ್ಷದ ಮಿತಿ ಸೇರಿಸಲು ರಾಜ್ಯದ ವಿಧಾನಮಂಡಲ ಸಾಕು. ಮಿತಿ ಮೀರಿದ ಮರುದಿನ, ಅರ್ಜಿಗೆ ಕಾಯದೆ, ಪಹಣಿಯ ಆ ನಮೂದನ್ನು ತಹಶೀಲ್ದಾರರೇ ತೆಗೆಯಬೇಕೆಂದೂ ಅದರಲ್ಲೇ ಬರೆಯಲಿ.