ಪಹಣಿ ಸಿಕ್ಕಿತು, ಮುಂದೇನು?

ಹೊಸಕೋಟೆ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಜಡಿಗೇನಹಳ್ಳಿಯೂ ಒಂದು. ಬೆಂಗಳೂರು ಬೆಳೆಯುತ್ತ ಈ ಸೀಮೆಗೇ ಬಂದು ಮುಟ್ಟಿದೆ. ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿ ಹೊರಡುವುದೂ ಹೊಸಕೋಟೆಯಿಂದಲೇ. ಗುಂಟೆಗುಂಟೆಗೂ ಬೆಲೆ ಬಂದಿರುವ ಇಂಥ ಕಡೆ ಪಹಣಿ, ಖಾತೆ, ಪೋಡಿ, ಹದ್ದುಬಸ್ತು ಎಂಬ ಮಾತುಗಳು ಪ್ರತಿ ಮನೆಯ ಜಗಲಿಯಲ್ಲೂ ಕೇಳುತ್ತವೆ. ಸರ್ಕಾರ ಜನರಿಗೆ ಮಾಹಿತಿ ಕೊಡುವ ರೀತಿ ಎಷ್ಟರಮಟ್ಟಿಗೆ ಉಪಯೋಗಕ್ಕೆ ಬರುತ್ತಿದೆ ಎಂದು ನೋಡಲು ಇಂಥ ಊರೇ ಸರಿ. ನಾನು ಕೇಳುವ ಪ್ರಶ್ನೆ ಒಂದೇ: ದಲ್ಲಾಳಿಯ ಹಂಗಿಲ್ಲದೆ, ಪರಿಚಯದವರ ಶಿಫಾರಸಿಲ್ಲದೆ, ತನ್ನ ಕೆಲಸ ಎಲ್ಲಿ ಶುರುವಾಗಬೇಕು, ಯಾವಾಗ ಮುಗಿಯಬೇಕು, ಮುಗಿಯದಿದ್ದರೆ ಯಾರ ಬಳಿ ಹೋಗಬೇಕು ಎಂದು ಇಲ್ಲಿನ ನಿವಾಸಿ ತಾನೇ ತಿಳಿದುಕೊಳ್ಳಬಲ್ಲನೇ?

ಆಗಿರುವ ಒಳ್ಳೆಯದನ್ನು ಮೊದಲು ಹೇಳಬೇಕು. ಭೂಮಿ ಯೋಜನೆ ಬರುವ ಮುಂಚೆ ಪಹಣಿ ಎಂದರೆ ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕ. ಅವರು ಸಿಕ್ಕಾಗ, ಅವರು ಕೊಟ್ಟಾಗ ಪ್ರತಿ. 2000ದ ಆಸುಪಾಸಿನಲ್ಲಿ ದಾಖಲೆಗಳು ಕಂಪ್ಯೂಟರಿಗೆ ಬಂದ ಮೇಲೆ ಆ ಏಕಸ್ವಾಮ್ಯ ಮುರಿಯಿತು. ಈಗ ಸರ್ವೆ ನಂಬರ್ ಗೊತ್ತಿದ್ದರೆ ಮೊಬೈಲಿನಲ್ಲೇ ಪಹಣಿ ನೋಡಬಹುದು. ಪಂಚಾಯಿತಿಯ 9 ಮತ್ತು 11ನೇ ನಮೂನೆಗಳಿಗೆ ಇ-ಸ್ವತ್ತು ಇದೆ, ನೋಂದಣಿಗೆ ಕಾವೇರಿ ಇದೆ, ಅಳತೆಗೆ ಮೋಜಿಣಿ ಇದೆ, ನಿಂತ ಜಾಗದ ಸರ್ವೆ ನಂಬರ್ ತೋರಿಸಲು ದಿಶಾಂಕ್ ಇದೆ. ದೇಶದ ಬಹಳ ರಾಜ್ಯಗಳಿಗೆ ಕರ್ನಾಟಕ ಇದರಲ್ಲಿ ಮೇಲ್ಪಂಕ್ತಿ ಹಾಕಿಕೊಟ್ಟಿತು. ಇದು ಸಣ್ಣ ಸಾಧನೆಯಲ್ಲ.

ಆದರೆ ಆ ಪಹಣಿಯನ್ನು ಕೈಯಲ್ಲಿ ಹಿಡಿದು ಓದಿ ನೋಡಿ. 3ನೇ ಕಾಲಂನಲ್ಲಿ ವಿಸ್ತೀರ್ಣದ ಜೊತೆ ‘ಖರಾಬು ಅ’, ‘ಖರಾಬು ಬ’ ಎಂದಿರುತ್ತದೆ. ಮೊದಲನೆಯದು ಸಾಗುವಳಿಗೆ ಬಾರದ ನೆಲ, ಎರಡನೆಯದು ದಾರಿ, ಹಳ್ಳದಂಥ ಸಾರ್ವಜನಿಕ ಉಪಯೋಗದ್ದು. ಈ ಒಂದಕ್ಷರದ ವ್ಯತ್ಯಾಸ ತಿಳಿಯದೆ ನಿವೇಶನ ಕೊಂಡವರು ಸರ್ಕಾರಿ ದಾರಿಗೆ ದುಡ್ಡು ಕೊಟ್ಟಿರುತ್ತಾರೆ. 9ರಲ್ಲಿ ಹೆಸರು, 10ರಲ್ಲಿ ಆ ಹೆಸರು ಬಂದ ಬಗೆ, 11ರಲ್ಲಿ ಇತರ ಹಕ್ಕು ಮತ್ತು ಋಣಗಳು. ಬ್ಯಾಂಕಿನ ಸಾಲವೋ ಕೋರ್ಟಿನ ತಡೆಯಾಜ್ಞೆಯೋ ಕೂತಿರುವುದು ಈ 11ರಲ್ಲೇ. ಇದನ್ನೆಲ್ಲ ಬಿಡಿಸಿ ಹೇಳುವ ಒಂದು ಸಾಲೂ ಆ ಹಾಳೆಯ ಹಿಂಬದಿಯಲ್ಲಿಲ್ಲ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 133ನೇ ಕಲಮಿನಂತೆ, ತಪ್ಪೆಂದು ರುಜುವಾತಾಗುವವರೆಗೆ ಪಹಣಿಯ ನಮೂದು ಸರಿಯೆಂದೇ ಭಾವನೆ. ಹಾಗಿದ್ದೂ ಪಹಣಿಯೊಂದೇ ಮಾಲೀಕತ್ವ ಕೊಡುವುದಿಲ್ಲ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಕೊಳ್ಳುವವರಿಗೂ ಮಾರುವವರಿಗೂ ತಿಳಿದಿರಲೇಬೇಕಾದ ಈ ಎರಡು ಮಾತುಗಳನ್ನು ಪಹಣಿ ಕೊಡುವ ಕೌಂಟರಿನಲ್ಲಿ ಯಾರೂ ಹೇಳುವುದಿಲ್ಲ.

ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಯ ವಿಷಯದಲ್ಲಿ ಈ ಕೊರತೆ ಇನ್ನೂ ಢಾಳಾಗಿ ಕಾಣುತ್ತದೆ. ಜಮೀನು ತಾತನ ಹೆಸರಿನಲ್ಲೇ ಉಳಿದಿದೆ, ತಂದೆಯೂ ತೀರಿಕೊಂಡಿದ್ದಾರೆ ಎಂದಿಟ್ಟುಕೊಳ್ಳಿ. ಮೊದಲಿಗೆ ಮರಣ ಪ್ರಮಾಣಪತ್ರ ಬೇಕು. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ವರ್ಷ ದಾಟಿದರೆ ಬೇರೆಯೇ ಆದೇಶ ತರಬೇಕು. ಆಮೇಲೆ ವಂಶವೃಕ್ಷ, ನಾಡಕಚೇರಿಯಲ್ಲಿ ಅರ್ಜಿ, ಆಕ್ಷೇಪಣೆಗೆ ನೋಟಿಸು, ರಾಜಸ್ವ ನಿರೀಕ್ಷಕರ ತೀರ್ಮಾನ. ಖಾತೆ ಬದಲಾವಣೆಯ (ಮ್ಯುಟೇಶನ್) ಆದೇಶ ಒಪ್ಪಿಗೆಯಾಗದಿದ್ದರೆ ಭೂಕಂದಾಯ ಅಧಿನಿಯಮದ 136ನೇ ಕಲಮಿನಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ಜಡಿಗೇನಹಳ್ಳಿಯವರಿಗೆ ಆ ಅಧಿಕಾರಿ ದೊಡ್ಡಬಳ್ಳಾಪುರ ಉಪವಿಭಾಗದವರು. ಅದರ ಮೇಲಿನ ಜಿಲ್ಲಾಧಿಕಾರಿ ಕಚೇರಿ ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರದಲ್ಲಿ. ಒಂದೊಂದು ಹೆಜ್ಜೆಯ ಮಾಹಿತಿ ಒಂದೊಂದು ಇಲಾಖೆಯಲ್ಲಿದೆ. ‘ಅಪ್ಪ ತೀರಿಕೊಂಡರು, ಈಗ ಏನು ಮಾಡಬೇಕು’ ಎಂದು ಕೇಳುವವನಿಗೆ ಮೊದಲಿನಿಂದ ಕೊನೆಯವರೆಗೆ ಒಂದೇ ಕಡೆ ಉತ್ತರ ಸಿಗುವುದು ದಲ್ಲಾಳಿಯ ಹತ್ತಿರ ಮಾತ್ರ. ದಲ್ಲಾಳಿ ಉಳಿದುಕೊಂಡಿರುವುದು ದಾಖಲೆ ಗುಟ್ಟಾಗಿರುವುದರಿಂದಲ್ಲ, ದಾರಿಯನ್ನು ಬೇರೆ ಯಾರೂ ಹೇಳಿಕೊಡದೆ ಇರುವುದರಿಂದ.

ಇದರ ಬಿಸಿ ಹೆಚ್ಚಾಗಿ ತಟ್ಟುವುದು ಹೆಣ್ಣುಮಕ್ಕಳಿಗೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹಕ್ಕು ಕೊಟ್ಟು ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾನೂನಿಗೆ ತಿದ್ದುಪಡಿ ತಂದಿತ್ತು. ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಅಡ್ಡಿಯನ್ನು ತೆಗೆದುಹಾಕಿತು. ಅದು ಜಾರಿಗೆ ಬಂದ ದಿನ ತಂದೆ ಬದುಕಿರಬೇಕೆಂದೇನಿಲ್ಲ ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ ಕೊಟ್ಟ ಮನೆಗೆ ಹೋದ ಮಗಳ ಹೆಸರು ವಂಶವೃಕ್ಷದಿಂದ ಬಿಟ್ಟುಹೋಗುವುದು, ಹಕ್ಕು ಬಿಡುಗಡೆ ಪತ್ರಕ್ಕೆ ಹಬ್ಬದ ಸೀರೆಯ ಜೊತೆಯಲ್ಲೇ ಸಹಿ ಹಾಕಿಸಿಕೊಳ್ಳುವುದು ನಮ್ಮ ಹಳ್ಳಿಗಳಲ್ಲಿ ಇನ್ನೂ ನಡೆಯುತ್ತಿದೆ. ಸಹಿ ಹಾಕುವ ಮುಂಚೆ ತನ್ನ ಪಾಲಿನ ವಿಷಯ ಅವಳಿಗೆ ಸರ್ಕಾರದ ಕಡೆಯಿಂದ ತಿಳಿಯಬೇಕು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ, ಸಹಾಯವಾಣಿ 15100. ಈ ಐದಂಕಿಯನ್ನು ಪ್ರತಿ ನಾಡಕಚೇರಿಯ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಲು ಎಷ್ಟು ಖರ್ಚಾದೀತು?

ಕಾನೂನಿನಲ್ಲಿ ಕೊರತೆಯಿಲ್ಲ. ಮಾಹಿತಿ ಹಕ್ಕು ಅಧಿನಿಯಮ, 2005ರ 4ನೇ ಕಲಮನ್ನು ಓದಿದರೆ ಆಸೆ ಚಿಗುರುತ್ತದೆ. ಪ್ರತಿ ಕಚೇರಿಯೂ ತನ್ನ ಅಧಿಕಾರ, ನಿಯಮ, ಬಜೆಟ್ ಮುಂತಾದ ವಿವರಗಳನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು, ಸ್ಥಳೀಯ ಭಾಷೆಯನ್ನು ಗಮನದಲ್ಲಿಟ್ಟು ಪ್ರಕಟಿಸಬೇಕು, ಜನ ಅರ್ಜಿ ಹಾಕುವ ಪ್ರಮೇಯವೇ ಕಡಿಮೆಯಾಗಬೇಕು ಎನ್ನುತ್ತದೆ ಅದು. ನಡೆಯುತ್ತಿರುವುದು ಇದಕ್ಕೆ ತಿರುಗುಮುರುಗು: 10 ರೂಪಾಯಿಯ ಅರ್ಜಿ, 30 ದಿನದ ಕಾಯುವಿಕೆ, ಆಮೇಲೆ ಮೇಲ್ಮನವಿ. ಗೊತ್ತುಪಡಿಸಿದ ದಿನದೊಳಗೆ ಸೇವೆ ಕೊಡಬೇಕೆನ್ನುವ ಸಕಾಲ ಯೋಜನೆಯ ಕಥೆಯೂ ಇಷ್ಟೆ. ಸ್ವೀಕೃತಿಯಲ್ಲಿ 15 ಅಂಕಿಯ ಸಂಖ್ಯೆ ಇರುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. ಆ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಂಡವರಲ್ಲಿ ಅದನ್ನು ಕೇಳಬಹುದೆಂದು ಬಲ್ಲವರು ವಿರಳ.

ಪಂಚಾಯಿತಿ ಮಟ್ಟದಲ್ಲಿ ಎರಡು ಒಳ್ಳೆಯ ಅವಕಾಶಗಳಿವೆ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಜಮಾಬಂದಿ ನಡೆದು ಲೆಕ್ಕ ಜನರ ಮುಂದೆ ಬರಬೇಕು. ಯಾವ ಜಾಲತಾಣಕ್ಕಿಂತಲೂ ಇವು ಮೇಲು, ಏಕೆಂದರೆ ಇಲ್ಲಿ ಪ್ರಶ್ನೆ ಕೇಳಿದವನಿಗೆ ಎದುರಿಗೇ ಕೂತು ಉತ್ತರ ಹೇಳಬೇಕು. ಫಲಾನುಭವಿಗಳ ಪಟ್ಟಿ ಓದಿ ಸಹಿ ಹಾಕಿಸಿಕೊಂಡು ಎದ್ದುಬಿಟ್ಟರೆ ಮಾತ್ರ ಅದು ಸಭೆಯೆನಿಸುವುದಿಲ್ಲ.

ಒಟ್ಟಿನಲ್ಲಿ, ದಾಖಲೆ ಒದಗಿಸುವುದರಲ್ಲಿ ನಮ್ಮ ವ್ಯವಸ್ಥೆ ಗೆದ್ದಿದೆ, ತಿಳಿವಳಿಕೆ ಒದಗಿಸುವುದರಲ್ಲಿ ಸೋತಿದೆ. ಇದನ್ನು ಸರಿಪಡಿಸಲು ಹೊಸ ಆ್ಯಪ್ ಬೇಕಾಗಿಲ್ಲ. ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಪಹಣಿ ಓದುವ ಬಗೆ, ಪೌತಿ ಖಾತೆಯ ಹಂತಗಳು, ಮೇಲ್ಮನವಿಯ ವಿಳಾಸ, ಹೆಣ್ಣುಮಕ್ಕಳ ಹಕ್ಕು, ಇವಿಷ್ಟನ್ನು ತಿಳಿಗನ್ನಡದಲ್ಲಿ ಬರೆದ ಒಂದು ಕೈಪಿಡಿ ಅಲ್ಲಿರಲಿ. ಅದನ್ನು ಓದಿ ಹೇಳುವವರೊಬ್ಬರು ವಾರಕ್ಕೊಂದು ದಿನ ಅಲ್ಲಿ ಕೂರಲಿ. ಜಡಿಗೇನಹಳ್ಳಿಯವರೂ ಸುಮ್ಮನಿರಬಾರದು. ಮುಂದಿನ ಗ್ರಾಮಸಭೆಗೆ ಹೋಗಿ, ಈ ಬೇಡಿಕೆಯನ್ನು ಎದ್ದು ನಿಂತು ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಬನ್ನಿ.